ಜೀರುಂಡೆಗಳ ಪ್ರಭೇದೋತ್ಪತ್ತಿಯೂ ರೂಪಭೇದವೂ

೧

ಚೆನ್ನೈಯಂತಹ ಕಡಲತಡಿಯ ಊರಿನಲ್ಲಿ ಹೆಸರುಕಾಳನ್ನೋ ಅಲಸಂದೆಯನ್ನೋ ಡಬ್ಬಿಯಲ್ಲಿ ತುಂಬಿಟ್ಟು ಎರಡು ತಿಂಗಳು ಮರೆತರೆ, ಮುಚ್ಚಳ ತೆಗೆದಾಗ ಕಾಳುಗಳಲ್ಲಿ ಗುಂಡನೆಯ ತೂತುಗಳೂ ಅವುಗಳ ನಡುವೆ ಹರಿದಾಡುವ ಕಂದುಬಣ್ಣದ ಸಣ್ಣ ಹುಳುಗಳೂ ಕಾಣಿಸುವುದು ಗೃಹಕೃತ್ಯ ಬಲ್ಲವರೆಲ್ಲರಿಗೂ ತಿಳಿದ ಸಂಗತಿ. ಇದನ್ನು ತಡೆಯಲೆಂದೇ ನಮ್ಮ ಹಿರಿಯರು ಕಾಳಿಗೆ ಹರಳೆಣ್ಣೆ ಸವರುತ್ತಿದ್ದರು, ಬಿಸಿಲಿಗೆ ಹರಡುತ್ತಿದ್ದರು, ತೊಗರಿಗೆ ಕೆಮ್ಮಣ್ಣು ಕಟ್ಟುತ್ತಿದ್ದರು. ಅಡುಗೆಮನೆಯ ಈ ಕ್ಷುದ್ರಜೀವಿಯು ಜೀವವಿಜ್ಞಾನದ ಒಂದು ದೊಡ್ಡ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ನೆರವಾಗಿದೆಯೆಂಬುದು ಮಾತ್ರ ಅಷ್ಟಾಗಿ ತಿಳಿದಿಲ್ಲ. ಆ ಪ್ರಶ್ನೆ ಇದು: ಒಂದು ಪ್ರಭೇದದಿಂದ ಇನ್ನೊಂದು ಪ್ರಭೇದ ಹುಟ್ಟುವುದು ಹೇಗೆ? ಹುಟ್ಟಿದ ಮೇಲೆ ಅವುಗಳ ದೇಹರೂಪ ಬೇರೆಯಾಗುವುದೋ, ಅಥವಾ ದೇಹರೂಪ ಬೇರೆಯಾದುದರಿಂದಲೇ ಅವು ಬೇರೆ ಪ್ರಭೇದಗಳಾಗುವುವೋ?

ಮೊದಲು ಹೆಸರಿನ ವಿಚಾರ. ಈ ಗುಂಪಿನ ಕೀಟಗಳನ್ನು ಕೆಲವರು ‘ದುಂಬಿ’ ಎಂದು ಬರೆಯುವುದುಂಟು. ಆದರೆ ನಮ್ಮ ಕಾವ್ಯಗಳ ತುಂಬಿ ತಾವರೆಯ ಮಧುವನ್ನರಸುವ ಜೇನಿನ ಬಳಗದ್ದು. ‘ಜೀರುಂಡೆ’ ಎಂಬ ಮಾತನ್ನೂ ಕೆಲವು ಕಡೆ ಮರದಲ್ಲಿ ಕುಳಿತು ಕಿರಿಚುವ ಬೇರೊಂದು ಕೀಟಕ್ಕೆ ಬಳಸುತ್ತಾರೆ. ಇಲ್ಲಿ ಜೀರುಂಡೆ ಎಂದರೆ, ಮುಂದಿನ ಜೋಡಿ ರೆಕ್ಕೆಗಳು ಗಡುಸಾಗಿ ಓಡಿನಂತೆ ಬೆನ್ನನ್ನು ಮುಚ್ಚಿ, ಹಾರಲು ನೆರವಾಗುವ ಹಿಂದಿನ ರೆಕ್ಕೆಗಳು ಅದರಡಿಯಲ್ಲಿ ಮಡಿಸಿಕೊಂಡಿರುವ ಕೀಟವೆಂದೇ ತಿಳಿಯಬೇಕು. ಸಗಣಿ ಉರುಳಿಸುವ ಹುಳು, ತೆಂಗಿನ ಸುಳಿ ಕೊರೆಯುವ ಕುರುವಾಯಿ, ಕಾಳಿನ ಹುಳು ಎಲ್ಲವೂ ಈ ಗುಂಪಿಗೇ ಸೇರಿದವು. ಈವರೆಗೆ ವಿದ್ವಾಂಸರು ವಿವರಿಸಿ ಹೆಸರಿಟ್ಟಿರುವ ಜೀರುಂಡೆಯ ಪ್ರಭೇದಗಳು ಸುಮಾರು ನಾಲ್ಕು ಲಕ್ಷ. ಅಂದರೆ ಹೆಸರು ಪಡೆದ ಎಲ್ಲ ಪ್ರಾಣಿ ಪ್ರಭೇದಗಳಲ್ಲಿ ಸ್ಥೂಲವಾಗಿ ಕಾಲುಭಾಗ. ಪ್ರಭೇದಗಳು ಹೇಗೆ ಹುಟ್ಟುತ್ತವೆಂಬುದನ್ನು ಅರಿಯಬಯಸುವವರಿಗೆ ಇದಕ್ಕಿಂತ ವಿಪುಲವಾದ ಸಾಮಗ್ರಿ ಬೇರೆಲ್ಲಿಯೂ ದೊರೆಯದು.

೨

ಈ ಅಧ್ಯಯನದ ಮೊದಲ ಅಧ್ಯಾಯಕ್ಕೂ ತಮಿಳುನಾಡಿನ ಕರಾವಳಿಗೂ ನಿಕಟವಾದ ನಂಟಿದೆ. ಚೆನ್ನೈಯಿಂದ ಕಡಲಂಚನ್ನು ಹಿಡಿದು ತೆಂಕಣಕ್ಕೆ ಹೋದರೆ ಸಿಕ್ಕುವ ತರಂಗಂಬಾಡಿಯು ೧೬೨೦ರಿಂದ ೧೮೪೫ರವರೆಗೆ ಡೇನರ ವಸಾಹತಾಗಿತ್ತು. ಸ್ವೀಡನ್ನಿನ ಮಹಾವಿದ್ವಾಂಸ ಲಿನೇಯಸನ ಶಿಷ್ಯನಾದ ಯೋಹಾನ್ ಗೆರ್ಹಾರ್ಡ್ ಕ್ಯೋನಿಗ್ ೧೭೬೮ರಲ್ಲಿ ಅಲ್ಲಿಗೆ ವೈದ್ಯನಾಗಿ ಬಂದನು. ಮುಂದೆ ಆರ್ಕಾಟಿನ ನವಾಬನ ಆಶ್ರಯದಲ್ಲಿ ನಿಸರ್ಗತಜ್ಞನಾಗಿದ್ದು ಈ ನಾಡಿನ ಗಿಡಗಳನ್ನೂ ಕೀಟಗಳನ್ನೂ ಸಂಗ್ರಹಿಸಿ ಯೂರೋಪಿಗೆ ಕಳುಹಿಸಿದನು. ಅವನ ತರುವಾಯ ಡಾಲ್ಡಾರ್ಫ್ ಎಂಬ ಡೇನಿಷ್ ಸೇನಾಧಿಕಾರಿಯೂ ಅದೇ ಕೆಲಸವನ್ನು ಮುಂದುವರಿಸಿದನು. ಇವರ ಸಂಗ್ರಹಗಳನ್ನು ಪರೀಕ್ಷಿಸಿ ಹೆಸರಿಟ್ಟವನು ಲಿನೇಯಸನ ಇನ್ನೊಬ್ಬ ಶಿಷ್ಯ ಯೋಹಾನ್ ಕ್ರಿಶ್ಚಿಯನ್ ಫ್ಯಾಬ್ರಿಷಿಯಸ್ (೧೭೪೫–೧೮೦೮). ಮದರಾಸಿನ ವೇಪೇರಿಯಲ್ಲಿದ್ದು ೧೭೭೯ರಲ್ಲಿ ತಮಿಳು–ಇಂಗ್ಲಿಷ್ ನಿಘಂಟನ್ನು ಹೊರತಂದ ಪಾದ್ರಿ ಯೋಹಾನ್ ಫಿಲಿಪ್ ಫ್ಯಾಬ್ರಿಷಿಯಸನೇ ಬೇರೆ, ಇವನೇ ಬೇರೆ. ಒಬ್ಬನು ಈ ನಾಡಿನ ಪದಗಳನ್ನು ಪಟ್ಟಿಮಾಡಿದನು. ಮತ್ತೊಬ್ಬನು ಈ ನಾಡಿನ ಮಣ್ಣನ್ನು ಎಂದೂ ತುಳಿಯದೆ ಇಲ್ಲಿಯ ಹುಳುಗಳನ್ನು ಪಟ್ಟಿಮಾಡಿದನು.

ಕೀಟಗಳ ಫ್ಯಾಬ್ರಿಷಿಯಸನು ಸಗಣಿ ಜೀರುಂಡೆಗಳಿಗೆ ಇಟ್ಟ ಹೆಸರುಗಳು ಗಮನಾರ್ಹವಾಗಿವೆ. ೧೭೮೭ರಲ್ಲಿ ಒಂದಕ್ಕೆ ಜಿಂಕೆಯ ಬಳಗದ ಹೆಸರಾದ ‘ಗಜೆಲ್ಲಾ’ ಎಂದೂ, ೧೭೯೮ರಲ್ಲಿ ಬೇರೆ ಎರಡಕ್ಕೆ ಸಾರಂಗವಾಚಕಗಳಾದ ‘ಸೆರ್ವಸ್’, ‘ಡಾಮಾ’ ಎಂದೂ ಕರೆದನು. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾದ ಈ ಹುಳುಗಳ ಗಂಡುಗಳಿಗೆ ತಲೆಯ ಮೇಲೆ ಕೊಂಬುಗಳಿರುವುದೇ ಇದಕ್ಕೆ ಕಾರಣ. ಇವೆಲ್ಲವೂ ಇಂದು ‘ಆಂಥೋಫೇಗಸ್’ ಎಂಬ ಕುಲ ಅಥವಾ ಅದರ ನೆರೆಯ ಕುಲಗಳಲ್ಲಿ ಸೇರಿವೆ. ಆ ಒಂದೇ ಕುಲದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಒಂದರ ಕೊಂಬು ಹಣೆಯಲ್ಲಿ, ಇನ್ನೊಂದರದು ನೆತ್ತಿಯ ಹಿಂಭಾಗದಲ್ಲಿ, ಮತ್ತೊಂದರದು ಎದೆಯ ಮೇಲೆ; ಕೆಲವಕ್ಕೆ ಒಂದು, ಕೆಲವಕ್ಕೆ ಎರಡು, ಕೆಲವಕ್ಕೆ ಇಲ್ಲವೇ ಇಲ್ಲ.

ಆ ಕಾಲದ ಪಂಡಿತರಿಗೆ ರೂಪವೇ ಪ್ರಮಾಣ. ಸೂಜಿಗೆ ಚುಚ್ಚಿದ ಒಂದು ಮಾದರಿಯು ಇನ್ನೊಂದರಿಂದ ಸ್ಪಷ್ಟವಾಗಿ ಭಿನ್ನವಾಗಿ ಕಂಡರೆ ಅದು ಬೇರೆ ಪ್ರಭೇದ. ಈ ವಿಧಾನದಿಂದ ಅಪಾರವಾದ ಉಪಕಾರವಾಗಿದೆ. ಅದರೊಡನೆ ಕೆಲವು ತಪ್ಪುಗಳೂ ನುಸುಳಿದುವು. ಕೊಂಬುಳ್ಳ ಗಂಡಿಗೊಂದು ಹೆಸರು, ಕೊಂಬಿಲ್ಲದ ಹೆಣ್ಣಿಗೊಂದು ಹೆಸರು ಎಂಬಂತೆ ಒಂದೇ ಜೀವಿಯನ್ನು ಎರಡಾಗಿ ಎಣಿಸಿದ ಪ್ರಸಂಗಗಳು ಕೀಟಶಾಸ್ತ್ರದಲ್ಲಿ ವಿರಳವಲ್ಲ. ಆದಕಾರಣ ರೂಪವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ವಿಚಾರಿಸುವುದು ಅಗತ್ಯವಾಯಿತು.

೩

ಪ್ರಭೇದವೆಂದರೆ ಏನು? ೧೯೪೨ರಲ್ಲಿ ಅರ್ನ್ಸ್ಟ್ ಮಾಯರನು ಪ್ರತಿಪಾದಿಸಿದ, ಇಂದಿಗೂ ಬಹುಮಟ್ಟಿಗೆ ಬಳಕೆಯಲ್ಲಿರುವ ವ್ಯಾಖ್ಯೆಯ ತಾತ್ಪರ್ಯ ಹೀಗಿದೆ: ತಮ್ಮತಮ್ಮೊಳಗೆ ಕೂಡಿ ಸಂತಾನವನ್ನು ಪಡೆಯುವ, ಆದರೆ ಇತರ ಸಮೂಹಗಳೊಡನೆ ಹಾಗೆ ಬೆರೆಯದ ಜೀವಿಗಳ ಸಮೂಹವೇ ಪ್ರಭೇದ. ಇಲ್ಲಿ ನಿರ್ಣಾಯಕವಾದುದು ನೋಟವಲ್ಲ, ಬೆರಕೆ. ಎರಡು ಗುಂಪುಗಳು ಎಷ್ಟೇ ಭಿನ್ನವಾಗಿ ಕಾಣಲಿ, ಅವುಗಳ ನಡುವೆ ಕೊಳು–ಕೊಡೆ ನಿರಾತಂಕವಾಗಿ ನಡೆಯುತ್ತಿದ್ದರೆ ಅವು ಒಂದೇ. ಎಷ್ಟೇ ಸಮಾನವಾಗಿ ಕಾಣಲಿ, ಆ ವ್ಯವಹಾರ ನಿಂತುಹೋಗಿದ್ದರೆ ಅವು ಎರಡು.

ಭಾಷಾಶಾಸ್ತ್ರದಲ್ಲಿ ಆಸಕ್ತರಾದ ವಾಚಕರಿಗೆ ಇದಕ್ಕೆ ಹೋಲಿಕೆ ಹೊಸದಲ್ಲ. ಮೈಸೂರು ಸೀಮೆಯಿಂದ ಹೋಗಿ ನೀಲಗಿರಿಯಲ್ಲಿ ನೆಲೆಸಿದರೆಂದು ಹೇಳಲಾಗುವ ಬಡಗರ ನುಡಿಯು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ಬಹುಕಾಲದಿಂದ ನಡೆದಿದೆ. ಬೆಟ್ಟ ಅಡ್ಡವಾಯಿತು, ಸಂಪರ್ಕ ಕಡಮೆಯಾಯಿತು, ಎರಡೂ ಕಡೆ ಸಣ್ಣಪುಟ್ಟ ಮಾರ್ಪಾಡುಗಳು ತಮ್ಮಷ್ಟಕ್ಕೆ ಕೂಡುತ್ತ ಬಂದುವು. ಯಾವ ದಿನದಂದು ಗೆರೆ ದಾಟಿತೆಂದು ಹೇಳುವಂತಿಲ್ಲ. ಪ್ರಭೇದಗಳ ಹುಟ್ಟೂ ಬಹುಮಟ್ಟಿಗೆ ಹೀಗೆಯೇ. ಆದರೆ ಈ ಹೋಲಿಕೆಗೆ ಒಂದು ಮಿತಿಯಿದೆ. ದೂರ ಸರಿದ ಎರಡು ನುಡಿಗಳು ಮತ್ತೆ ನೆರೆಯಾದರೆ ಪದಗಳನ್ನು ಕಡ ಕೊಟ್ಟು ತರಬಲ್ಲವು. ಪೂರ್ತಿಯಾಗಿ ಬೇರ್ಪಟ್ಟ ಎರಡು ಪ್ರಭೇದಗಳಿಗೆ ಸಾಮಾನ್ಯವಾಗಿ ಆ ಸೌಲಭ್ಯ ಉಳಿಯದು.

ಬೇರ್ಪಡಿಸುವ ತಡೆಗಳಲ್ಲಿ ಭೌಗೋಳಿಕವಾದುದು ಮೊದಲನೆಯದು. ಪಡುವಣ ಘಟ್ಟಗಳ ಸಾಲು ಪಾಲ್ಘಾಟಿನ ಬಳಿ ಮೂವತ್ತು ನಲವತ್ತು ಕಿಲೋಮೀಟರುಗಳಷ್ಟು ಅಗಲಕ್ಕೆ ಕಡಿದುಹೋಗಿದೆ. ಬೆಟ್ಟದ ನೆತ್ತಿಯ ಶೋಲಾ ಕಾಡುಗಳಲ್ಲಿ ಮಾತ್ರ ಬಾಳುವ ನೀಲಿಬಣ್ಣದ ಒಂದು ಸಣ್ಣ ಹಕ್ಕಿ ಈ ಕಣಿವೆಯ ಬಡಗಣಕ್ಕೆ ಒಂದು ಪ್ರಭೇದವಾಗಿಯೂ ತೆಂಕಣಕ್ಕೆ ಇನ್ನೊಂದಾಗಿಯೂ ಬೇರ್ಪಟ್ಟಿದೆ. ಅವುಗಳಿಗಾಗಿ ೨೦೧೭ರಲ್ಲಿ ‘ಶೋಲಿಕೋಲ’ ಎಂಬ ಹೊಸ ಕುಲನಾಮವನ್ನೇ ಸೃಷ್ಟಿಸಿದರು. ಹಾರಬಲ್ಲ ಹಕ್ಕಿಗೇ ಕಣಿವೆಯೊಂದು ಇಷ್ಟು ದೊಡ್ಡ ತಡೆಯಾಗುವುದಾದರೆ, ಕಾಡಿನ ತರಗೆಲೆಯ ಅಡಿಯಲ್ಲಿ ಬಾಳುತ್ತ ಹಾರಾಟವನ್ನೇ ತೊರೆದ ಜೀರುಂಡೆಗಳ ಪಾಡನ್ನು ಊಹಿಸಬಹುದು. ಎರಡನೆಯ ತಡೆ ಆಹಾರದ್ದು. ಒಂದೇ ಗಿಡವನ್ನೋ ಒಂದೇ ಬಗೆಯ ಕಾಳನ್ನೋ ನಚ್ಚಿಕೊಂಡ ಕೀಟಕ್ಕೆ ಪಕ್ಕದ ಹೊಲವೂ ಪರದೇಶವೇ. ಮೂರನೆಯದು ದೇಹರಚನೆಯದು, ಕೂಡುವ ಅಂಗಗಳು ಹೊಂದದೆ ಹೋದಾಗ ಒಂದೇ ತಾಣದಲ್ಲಿದ್ದರೂ ಬೆರಕೆ ಕಷ್ಟವಾಗುತ್ತದೆ.

೪

ಇನ್ನು ಕೊಂಬಿನ ವಿಚಾರಕ್ಕೆ ಬರೋಣ. ೧೮೭೧ರಲ್ಲಿ ಡಾರ್ವಿನನು, ಗಂಡು ಜೀರುಂಡೆಗಳ ಕೊಂಬು ಬಹುಶಃ ಹೆಣ್ಣನ್ನು ಒಲಿಸಲು ಬೆಳೆದ ಅಲಂಕಾರವೆಂದು ಭಾವಿಸಿದನು. ಬ್ರಿಟಿಷ್ ಮ್ಯೂಸಿಯಮ್ಮಿನ ಗಿಲ್ಬರ್ಟ್ ಆರೋ, ಭಾರತದ ಸಗಣಿ ಜೀರುಂಡೆಗಳನ್ನು ಕುರಿತ ದೊಡ್ಡ ಸಂಪುಟವನ್ನು ೧೯೩೧ರಲ್ಲಿ ರಚಿಸಿದವನು, ಈ ಕೊಂಬುಗಳಿಂದ ಹೇಳಿಕೊಳ್ಳುವಂತಹ ಪ್ರಯೋಜನವೇನೂ ಇಲ್ಲವೆಂದು ವಾದಿಸಿದನು. ಈ ವಾದವನ್ನೊಳಗೊಂಡ ಅವನ ಬೇರೊಂದು ಗ್ರಂಥ ಮರಣಾನಂತರ ೧೯೫೧ರಲ್ಲಿ ಪ್ರಕಟವಾಯಿತು. ಇಬ್ಬರೂ ಹೆಚ್ಚಾಗಿ ಸತ್ತ ಮಾದರಿಗಳನ್ನು ನೋಡಿದವರು. ನೆಲದಡಿಯ ಬಿಲದಲ್ಲಿ ನಡೆಯುವ ವ್ಯವಹಾರವನ್ನು ಗಾಜಿನ ಹಲಗೆಗಳ ನಡುವೆ ಮಣ್ಣು ತುಂಬಿ ನೋಡಿದ ಮೇಲೆ ಚಿತ್ರ ಬದಲಾಯಿತು.

ಹೆಣ್ಣು ಸಗಣಿಯ ಕೆಳಗೆ ಸುರಂಗವನ್ನು ತೋಡಿ, ಸಗಣಿಯ ಉಂಡೆಗಳನ್ನು ಒಳಗೊಯ್ದು, ಒಂದೊಂದರಲ್ಲಿ ಒಂದೊಂದು ಮೊಟ್ಟೆಯಿಡುತ್ತದೆ. ದೊಡ್ಡ ಗಂಡು ಸುರಂಗದ ಬಾಯಲ್ಲಿ ಕಾವಲು ನಿಂತು ಕೊಂಬಿನಿಂದ ಇತರ ಗಂಡುಗಳನ್ನು ತಡೆಯುತ್ತದೆ. ಸಣ್ಣ ಗಂಡಿಗೆ ಕೊಂಬಿಲ್ಲ. ಅದು ಪಕ್ಕದಿಂದ ಕಿರುಸುರಂಗ ತೋಡಿಯೋ ಕಾವಲುಗಾರನ ಕಣ್ಣು ತಪ್ಪಿಸಿಯೋ ಒಳನುಗ್ಗುತ್ತದೆ. ಮರಿಯಾಗಿದ್ದಾಗ ದೊರೆತ ಆಹಾರ ಹೆಚ್ಚಾಗಿ ದೇಹವು ಒಂದು ಮಿತಿಯನ್ನು ಮೀರಿ ಬೆಳೆದರೆ ಕೊಂಬು ಮೂಡುವುದು, ಮೀರದಿದ್ದರೆ ಇಲ್ಲ. ಹೀಗೆ ಅಣ್ಣತಮ್ಮಂದಿರಲ್ಲೇ ಒಬ್ಬನು ಕೊಂಬುಳ್ಳವನು, ಒಬ್ಬನು ಬೋಳುತಲೆಯವನು. ರೂಪ ಎರಡು, ಪ್ರಭೇದ ಒಂದೇ.

ಕೊಂಬು ಪುಕ್ಕಟೆಯಾಗಿ ಬರುವುದಿಲ್ಲವೆಂಬುದನ್ನು ಅಮೆರಿಕದ ಡಗ್ಲಸ್ ಎಮ್ಲೆನ್ ೨೦೦೧ರಲ್ಲಿ ತೋರಿಸಿಕೊಟ್ಟನು. ಕೋಶದೊಳಗೆ ರೂಪಾಂತರ ಹೊಂದುವಾಗ ಹುಳುವಿಗೆ ಹೊಸ ಆಹಾರವಿಲ್ಲ. ಇರುವ ಬಂಡವಾಳವನ್ನೇ ಅಂಗಗಳಿಗೆ ಹಂಚಬೇಕು. ತಲೆಯ ಹಿಂಭಾಗದಲ್ಲಿ ಕೊಂಬು ಬೆಳೆದರೆ ಪಕ್ಕದ ಕಣ್ಣು ಕಿರಿದಾಗುತ್ತದೆ, ಮುಂಭಾಗದಲ್ಲಿ ಬೆಳೆದರೆ ಮೀಸೆ ಕಿರಿದಾಗುತ್ತದೆ, ಎದೆಯ ಮೇಲೆ ಬೆಳೆದರೆ ರೆಕ್ಕೆ ಕಿರಿದಾಗುತ್ತದೆ. ಆದ್ದರಿಂದ ಯಾವ ಜೀರುಂಡೆಗೆ ಎಲ್ಲಿ ಕೊಂಬಿರಬೇಕೆಂಬುದು ಅದರ ಜೀವನಕ್ರಮಕ್ಕೆ ಯಾವ ಅಂಗ ಹೆಚ್ಚು ಅಗತ್ಯವೆಂಬುದನ್ನೂ ಅವಲಂಬಿಸಿದೆ. ಇರುಳಿನಲ್ಲಿ ಹಾರುವ ಹುಳುವಿಗೆ ಕಣ್ಣಿನ ಖರ್ಚನ್ನು ಕಡಿತ ಮಾಡುವುದು ದುಬಾರಿ. ಎರಡು ಸಾವಿರ ಪ್ರಭೇದಗಳ ರೂಪವೈವಿಧ್ಯದ ಹಿಂದೆ ಈ ಆಯವ್ಯಯದ ಲೆಕ್ಕವಿದೆ.

ಇದು ಎಷ್ಟು ಬೇಗ ಬದಲಾಗಬಲ್ಲದು? ಮೆಡಿಟರೇನಿಯನ್ ಪ್ರದೇಶದ ‘ಆಂಥೋಫೇಗಸ್ ಟಾರಸ್’ ಎಂಬ ಜೀರುಂಡೆಯನ್ನು, ದನದ ಸಗಣಿಯನ್ನು ವಿಲೇವಾರಿ ಮಾಡಲೆಂದು ೧೯೬೦ರ ದಶಕದ ಕೊನೆಯಿಂದ ಆಸ್ಟ್ರೇಲಿಯಕ್ಕೆ ಒಯ್ದರು. ಅದೇ ಪ್ರಭೇದ ಹೇಗೋ ಅಮೆರಿಕವನ್ನು ಸೇರಿ ೧೯೭೧ರಲ್ಲಿ ಫ್ಲಾರಿಡದಲ್ಲಿ ಕಾಣಿಸಿಕೊಂಡಿತು. ನಲವತ್ತು ವರ್ಷ ತುಂಬುವುದರೊಳಗೆ ಆರ್ಮಿನ್ ಮೋಚೆಕ್ ಎರಡೂ ಕಡೆಯ ಹುಳುಗಳನ್ನು ಹೋಲಿಸಿದಾಗ, ಪಶ್ಚಿಮ ಆಸ್ಟ್ರೇಲಿಯದ ಗಂಡಿಗೆ ಕೊಂಬು ಮೂಡಬೇಕಾದರೆ ಅಮೆರಿಕದ ಉತ್ತರ ಕ್ಯಾರೊಲಿನದ ಗಂಡಿಗಿಂತ ದೇಹ ಇನ್ನೂ ದೊಡ್ಡದಾಗಿರಬೇಕೆಂಬುದು ಕಂಡುಬಂದಿತು. ಆಸ್ಟ್ರೇಲಿಯದಲ್ಲಿ ಹುಳುಗಳ ಸಂದಣಿ ಹೆಚ್ಚು, ಸ್ಪರ್ಧೆ ಹೆಚ್ಚು. ನಡುಗಾತ್ರದ ಗಂಡು ಕಾದಾಡಿ ಗೆಲ್ಲುವ ಸಂಭವ ಕಡಮೆ. ಈ ವ್ಯತ್ಯಾಸ ಆಹಾರದಿಂದಲ್ಲ, ಅನುವಂಶೀಯವಾಗಿ ಬಂದುದು.

೨೦೦೮ರಲ್ಲಿ ಪಾರ್ಜರ್ ಮತ್ತು ಮೋಚೆಕ್ ಇದಕ್ಕೆ ಇನ್ನೊಂದು ಸಂಗತಿಯನ್ನು ಸೇರಿಸಿದರು. ಹೀಗೆ ಬೇರ್ಪಟ್ಟ ಸಮೂಹಗಳಲ್ಲಿಯೂ, ಇದೇ ಕುಲದ ಬೇರೆಬೇರೆ ಪ್ರಭೇದಗಳಲ್ಲಿಯೂ, ಕೊಂಬಿಗೆ ಹೆಚ್ಚು ಬಂಡವಾಳ ಹೋದಲ್ಲಿ ಗಂಡಿನ ಜನನಾಂಗ ಕಿರಿದಾಗಿಯೂ, ಕೊಂಬು ಕಡಮೆಯಾದಲ್ಲಿ ಅದು ಹಿರಿದಾಗಿಯೂ ಇತ್ತು. ಇದರ ಮಹತ್ತ್ವ ಸ್ವಲ್ಪ ಯೋಚಿಸಿದರೆ ಹೊಳೆಯುತ್ತದೆ. ಕೊಂಬು ಕಾದಾಟದ ಸಾಧನ, ಬೆರಕೆಗೆ ಅದು ತಡೆಯಲ್ಲ. ಆದರೆ ಕೊಂಬಿನ ಏರಿಳಿತ ಜನನಾಂಗದ ಗಾತ್ರವನ್ನೂ ಎಳೆದುಕೊಂಡು ಹೋಗುವುದಾದರೆ, ಕಾಲಾಂತರದಲ್ಲಿ ಎರಡು ಸಮೂಹಗಳ ನಡುವಣ ಬೆರಕೆಗೇ ಅಡ್ಡಿಯಾಗಬಹುದು. ರೂಪಭೇದವು ಪ್ರಭೇದವಾಗಿ ಮಾರ್ಪಡುವ ಹಾದಿಗಳಲ್ಲಿ ಇದೊಂದಾಗಿರಬಹುದೆಂದು ಆ ವಿದ್ವಾಂಸರ ಸೂಚನೆ.

೫

ಸಾಗರಾಂತರದ ಈ ನಿದರ್ಶನದಿಂದ ಮೊದಲು ಹೇಳಿದ ಕಾಳಿನ ಡಬ್ಬಿಗೆ ಹಿಂದಿರುಗೋಣ. ಅದರಲ್ಲಿ ಕಾಣುವ ಹುಳುಗಳಲ್ಲಿ ಮುಖ್ಯವಾದ ಒಂದಕ್ಕೆ ‘ಕ್ಯಾಲೊಸೊಬ್ರೂಕಸ್ ಮ್ಯಾಕುಲೇಟಸ್’ ಎಂದು ಹೆಸರು. ೧೭೭೫ರಲ್ಲಿ ಇದರ ನಾಮಕರಣ ಮಾಡಿದವನೂ ಅದೇ ಫ್ಯಾಬ್ರಿಷಿಯಸ್. ಹೆಣ್ಣು ಕಾಳಿನ ಮೈಗೆ ಮೊಟ್ಟೆಯನ್ನು ಅಂಟಿಸುತ್ತದೆ. ಮರಿ ಮೊಟ್ಟೆಯ ತಳದಿಂದಲೇ ಕಾಳನ್ನು ಕೊರೆದು ಒಳಹೊಗುತ್ತದೆ; ಒಂದು ಕಾಳನ್ನು ಬಿಟ್ಟು ಇನ್ನೊಂದಕ್ಕೆ ಹೋಗುವ ಶಕ್ತಿ ಅದಕ್ಕಿಲ್ಲ. ಸುಮಾರು ನಾಲ್ಕು ವಾರಗಳಲ್ಲಿ ಪ್ರೌಢ ಜೀರುಂಡೆಯಾಗಿ ಹೊರಬೀಳುತ್ತದೆ. ಆಮೇಲೆ ಅದಕ್ಕೆ ಅನ್ನವೂ ಬೇಡ, ನೀರೂ ಬೇಡ. ಕೂಡಿ, ಮೊಟ್ಟೆಯಿಟ್ಟು, ಒಂದೆರಡು ವಾರಗಳಲ್ಲಿ ಸಾಯುತ್ತದೆ. ಅಂದಮೇಲೆ ತಾಯಿ ಆರಿಸಿದ ಆ ಒಂದು ಕಾಳೇ ಮರಿಯ ಸಮಸ್ತ ಲೋಕ.

೧೯೭೯ರಲ್ಲಿ ತಿರುನೆಲ್ವೇಲಿಯಲ್ಲಿ ಹೆಸರು ಮತ್ತು ಉದ್ದಿನ ಕಾಯಿಗಳಿಂದ ಸಂಗ್ರಹಿಸಿದ ಈ ಹುಳುವಿನ ಒಂದು ಸಂತತಿ ಅಮೆರಿಕದ ಪ್ರಯೋಗಶಾಲೆಗಳನ್ನು ಸೇರಿತು. ‘ದಕ್ಷಿಣ ಭಾರತದ ತಳಿ’ ಎಂಬ ಹೆಸರಿನಿಂದ ಅದು ಇಂದು ವಿದ್ವಾಂಸರಲ್ಲಿ ಪ್ರಸಿದ್ಧವಾಗಿದೆ. ಹೆಸರುಕಾಳು ಪುಟ್ಟದು, ಅದರಲ್ಲಿ ಇಬ್ಬರಿಗೆ ಊಟ ಸಾಲದು. ಆದಕಾರಣ ಈ ತಳಿಯ ಮರಿಗಳು ಕಾಳಿನೊಳಗೆ ಪ್ರತಿಸ್ಪರ್ಧಿಯನ್ನು ಸಹಿಸವು. ಎರಡು ಮೂರು ಮರಿಗಳು ಹೊಕ್ಕರೂ ಸಾಮಾನ್ಯವಾಗಿ ಹೊರಬರುವುದು ಒಂದೇ. ತಾಯಿಯೂ ಈಗಾಗಲೇ ಮೊಟ್ಟೆಯಿರುವ ಕಾಳನ್ನು ಆದಷ್ಟೂ ಬಿಟ್ಟು ಬರಿಯ ಕಾಳನ್ನು ಹುಡುಕುತ್ತದೆ. ದೊಡ್ಡ ಕಾಳಾದ ಅಲಸಂದೆಗೆ ಒಗ್ಗಿಕೊಂಡ ಬೇರೆ ದೇಶಗಳ ತಳಿಗಳಲ್ಲಿ ಈ ಕಟ್ಟುನಿಟ್ಟು ಇಲ್ಲ. ಅಲ್ಲಿ ಒಂದೇ ಕಾಳಿನಿಂದ ಹಲವು ಹುಳುಗಳು ಹೊರಬರುತ್ತವೆ.

ಯೂಟಾದ ಫ್ರಾಂಕ್ ಮೆಸಿನ ಎಂಬ ವಿದ್ವಾಂಸನು ತಿರುನೆಲ್ವೇಲಿಯ ತಳಿಯನ್ನೇ ಅಲಸಂದೆಗೆ ವರ್ಗಾಯಿಸಿ ನಲವತ್ತು ತಲೆಮಾರುಗಳ ಕಾಲ ಸಾಕಿ, ಫಲಿತಾಂಶವನ್ನು ೨೦೦೪ರಲ್ಲಿ ಪ್ರಕಟಿಸಿದನು. ಹೆಸರುಕಾಳಿನಲ್ಲೇ ಉಳಿದ ಸೋದರ ಶಾಖೆಗಿಂತ ಅಲಸಂದೆಯ ಶಾಖೆಯ ದೇಹ ಚಿಕ್ಕದಾಗಿತ್ತು. ಮರಿಗಳ ಕಲಹಶೀಲತೆಯೂ ತಗ್ಗಿತ್ತು. ಊಟ ಧಾರಾಳವಾದಲ್ಲಿ ಜಗಳಗಂಟತನಕ್ಕೂ ದೊಡ್ಡ ದೇಹಕ್ಕೂ ಬೆಲೆ ಕಡಮೆ. ನಲವತ್ತು ತಲೆಮಾರು ಎಂದರೆ ಈ ಹುಳುವಿಗೆ ಮೂರು ವರ್ಷಗಳಿಗಿಂತ ಸ್ವಲ್ಪ ಹೆಚ್ಚು.

ಇನ್ನೂ ಸೋಜಿಗವಾದುದು ಚನ್ನಂಗಿ ಬೇಳೆಯ ಕಾಳಿನ ಪ್ರಯೋಗ. ಆ ಕಾಳು ಈ ಹುಳುವಿಗೆ ಹೆಚ್ಚುಕಡಮೆ ವಿಷ. ಮೊದಲ ತಲೆಮಾರಿನಲ್ಲಿ ನೂರು ಮರಿಗಳಲ್ಲಿ ಒಂದೆರಡು ಮಾತ್ರ ಬದುಕಿ ಹೊರಬಂದುವು; ಹಲವು ಶಾಖೆಗಳು ಅಲ್ಲಿಗೇ ನಿರ್ನಾಮವಾದುವು. ಆದರೆ ಉಳಿದುಕೊಂಡ ಶಾಖೆಯಲ್ಲಿ ಇಪ್ಪತ್ತು ತಲೆಮಾರು ಕಳೆಯುವಷ್ಟರಲ್ಲಿ ನೂರಕ್ಕೆ ಎಂಬತ್ತರಷ್ಟು ಬದುಕತೊಡಗಿದುವು. ಯಾವ ಒಂದು ಹುಳುವೂ ತನ್ನ ಜೀವಮಾನದಲ್ಲಿ ಅಭ್ಯಾಸಬಲದಿಂದ ಇದನ್ನು ಸಾಧಿಸಲಿಲ್ಲ. ಮೂಲ ಸಂತತಿಯಲ್ಲೇ ವಿರಳವಾಗಿ ಅಡಗಿದ್ದ ಅನುಕೂಲ ಗುಣಗಳನ್ನುಳ್ಳವು ಮಾತ್ರ ಉಳಿದು, ತಮ್ಮ ಗುಣವನ್ನು ಸಂತಾನಕ್ಕೆ ಹಂಚಿದುವು. ಕಾಳನ್ನು ಬದಲಾಯಿಸಿದರೆ ಹುಳುವಿನಿಂದ ಪಾರಾಗಬಹುದೆಂದು ನಂಬುವ ದಾಸ್ತಾನುಗಾರನು ಈ ಲೆಕ್ಕವನ್ನು ಮನಸ್ಸಿನಲ್ಲಿಡಬೇಕು.

ಇಷ್ಟಾದರೂ ಚನ್ನಂಗಿಯ ಶಾಖೆಯನ್ನು ಹೊಸ ಪ್ರಭೇದವೆನ್ನಲಾಗದು. ಮೂಲಶಾಖೆಯೊಡನೆ ಕೂಡಲು ಅದಕ್ಕೆ ಇನ್ನೂ ಅಡ್ಡಿಯಿಲ್ಲ. ಮೊದಲ ಮೆಟ್ಟಿಲನ್ನು ಏರಿದೆ, ಮನೆಯನ್ನು ಹೊಕ್ಕಿಲ್ಲ. ರೂಪವೂ ಆಹಾರವೂ ಕೆಲವೇ ವರ್ಷಗಳಲ್ಲಿ ಬದಲಾಗಬಲ್ಲವು. ಬೆರಕೆ ನಿಲ್ಲುವುದಕ್ಕೆ ಸಾಮಾನ್ಯವಾಗಿ ಬಹು ದೀರ್ಘವಾದ ಕಾಲ ಬೇಕು.

೬

ರೂಪ ಬೇರೆಯಾಗಿಯೂ ಪ್ರಭೇದ ಒಂದೇ ಆಗಿರುವುದನ್ನು ಕಂಡಾಯಿತು. ಇದಕ್ಕೆ ವಿಪರೀತವಾಗಿ, ರೂಪ ಒಂದೇ ಆಗಿದ್ದು ಒಳಗೊಳಗೇ ಶಾಖೆಗಳು ಕವಲೊಡೆಯುವುದಕ್ಕೆ ಕುರುವಾಯಿ ನಿದರ್ಶನ. ಮೂಗಿನ ಮೇಲೆ ಒಂಟಿಕೊಂಬನ್ನು ಹೊತ್ತ, ಲಿನೇಯಸನು ೧೭೫೮ರಲ್ಲಿ ಖಡ್ಗಮೃಗದ ಹೆಸರಿಟ್ಟ ಈ ಜೀರುಂಡೆ ತೆಂಗಿನ ಶತ್ರು. ಆಗಿನ ಮದರಾಸು ಸರ್ಕಾರ ೧೯೧೬ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನ ಕೇಂದ್ರವನ್ನು ತೆರೆಯಿತು. ೧೯೭೦ರಲ್ಲಿ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯಾಯಿತು. ಅಲ್ಲಿ ದೀರ್ಘಕಾಲದಿಂದ ಅಧ್ಯಯನಕ್ಕೆ ಒಳಗಾಗಿರುವ ಪೀಡೆಗಳಲ್ಲಿ ಇದೂ ಒಂದು.

೧೯೦೯ರಲ್ಲಿ ಸಿಂಹಳದಿಂದ ರಬ್ಬರ್ ಸಸಿಗಳೊಡನೆ ಸಮೋವ ದ್ವೀಪಕ್ಕೆ ಹೋದ ಈ ಹುಳು ಶಾಂತಸಾಗರದ ತೆಂಗನ್ನು ಕಾಡಿತು. ೧೯೬೩ರಲ್ಲಿ ಅಲೋಯಿಸ್ ಹ್ಯೂಗರ್ ಮಲಯದಲ್ಲಿ ಇದಕ್ಕೆ ರೋಗ ತರುವ ಒಂದು ವೈರಾಣುವನ್ನು ಕಂಡುಹಿಡಿದನು. ೧೯೬೭ರಿಂದ ಅದನ್ನು ಸಮೋವದಲ್ಲಿ ಬಿಟ್ಟು ಪೀಡೆಯನ್ನು ಹತೋಟಿಗೆ ತಂದರು. ಅದೇ ಉಪಾಯವನ್ನು ೧೯೮೦ರ ದಶಕದಲ್ಲಿ ನಮ್ಮ ಲಕ್ಷದ್ವೀಪದ ಮಿನಿಕಾಯಿಯಲ್ಲಿಯೂ ನಡೆಸಿದರು. ಆದರೆ ೨೦೦೭ರಲ್ಲಿ ಗುವಾಮ್ ದ್ವೀಪದಲ್ಲಿ ಕಾಣಿಸಿಕೊಂಡ ಹುಳುಗಳು ಈ ವೈರಾಣುವಿಗೆ ಹಿಂದಿನವುಗಳಂತೆ ಬಲಿಯಾಗಲಿಲ್ಲ. ಕಣ್ಣಿಗೆ ಅವು ಎಲ್ಲ ಕುರುವಾಯಿಗಳಂತೆಯೇ ಇದ್ದುವು. ತಾಯಿಯಿಂದ ಬರುವ ಆನುವಂಶಿಕ ದ್ರವ್ಯವನ್ನು ಓದಿದಾಗ ಮಾತ್ರ ಅವು ಬೇರೊಂದು ಶಾಖೆಯೆಂಬುದು ತಿಳಿದುಬಂದಿತು. ಇದೂ ಬೇರೆ ಪ್ರಭೇದವಲ್ಲ. ಆದರೆ ಫ್ಯಾಬ್ರಿಷಿಯಸನ ಭೂತಗನ್ನಡಿಗೆ ಎಂದಿಗೂ ಸಿಗಲಾರದ ಭೇದ ಇಲ್ಲಿದೆ. ತೆಂಗಿನ ತೋಟದವನಿಗೆ ಕೊಂಬಿನ ಉದ್ದಕ್ಕಿಂತ ಈ ಭೇದವೇ ಮುಖ್ಯ.

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸಿದ್ಧವಾ­ಗುತ್ತವೆ. ಪ್ರಭೇದದ ಮೂಲ ಬೇರ್ಪಡೆಯಲ್ಲಿದೆ. ಅದು ಕಣಿವೆಯಿಂದಾಗಬಹುದು, ಕಾಳಿನಿಂದಾಗಬಹುದು, ಕೂಡುವ ಅಂಗದಿಂದಾಗಬಹುದು. ಬೇರ್ಪಟ್ಟ ಗುಂಪಿನ ರೂಪವನ್ನು ಅಲ್ಲಿಯ ಜೀವನದ ಆಯವ್ಯಯ ತಿದ್ದುತ್ತದೆ, ಕೆಲವೊಮ್ಮೆ ಬಹು ಬೇಗ. ಆದರೆ ರೂಪ ಬದಲಾದ ಮಾತ್ರಕ್ಕೆ ಸಂಬಂಧ ಕಡಿಯುವುದಿಲ್ಲ. ರೂಪ ಹಾಗೆಯೇ ಉಳಿದ ಮಾತ್ರಕ್ಕೆ ಸಂಬಂಧ ಉಳಿದಿದೆಯೆಂದೂ ಹೇಳಲಾಗದು.

ಇದರಿಂದ ಹೊರಡುವ ಒಂದು ಹೊಣೆಯನ್ನೂ ಇಲ್ಲಿ ಸೂಚಿಸುವುದು ಅಪ್ರಸ್ತುತವಾಗಲಾರದು. ನೀಲಗಿರಿಯ ಒಂದು ಶೋಲಾ ಕಾಡಿನ ತುಣುಕನ್ನು ಕಡಿದಾಗ ಅಲ್ಲಿದ್ದ ಜೀರುಂಡೆ ಪಕ್ಕದ ಬೆಟ್ಟದಲ್ಲಿಯೂ ಇದ್ದೀತೆಂದು ಸಮಾಧಾನಪಡುವುದು ಸುಲಭ. ನೋಟಕ್ಕೆ ಅದೇ ಆಗಿದ್ದರೂ, ಲಕ್ಷಾಂತರ ವರ್ಷಗಳಿಂದ ಬೇರ್ಪಟ್ಟ ಶಾಖೆಯೊಂದು ಹೆಸರು ಪಡೆಯುವ ಮೊದಲೇ ಮುಗಿದುಹೋಗಿರಬಹುದು. ಎರಡು ಶತಮಾನಗಳ ಹಿಂದೆ ತರಂಗಂಬಾಡಿಯಿಂದ ಹಡಗೇರಿದ ಹುಳುಗಳಿಗೆ ಹೆಸರು ಸಿಕ್ಕಿತು; ಅವು ಹೇಗೆ ಹುಟ್ಟಿದುವೆಂಬುದನ್ನು ತಿಳಿಯಬೇಕಾದರೆ, ಹುಟ್ಟುತ್ತಿರುವ ತಾಣಗಳು ಉಳಿದಿರಬೇಕು.